ಅಜ್ಜ ಹುಟ್ಟಿದ್ದು 1920ರ ಚೌತಿಗೋ, 1923ರ ಚೌತಿಗೋ?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ನಮ್ದು ಶಿರಸಿ ಸೀಮೆಯ ಹವ್ಯಕರ ಮನೆ. ಈ ಸಲ ಚೌತಿಗೆ ಕವಲು ಮನೆಯವರೆಲ್ಲ ಊರಲ್ಲಿ ಸೇರ್ತೇವೆ, ಆಗ ವಂಶವೃಕ್ಷದ ಪುಸ್ತಕ ಹಂಚಬೇಕು ಅಂತ ಒಂದು ವರ್ಷದಿಂದ ಬರೀತಿದ್ದೇನೆ. ಆರು ತಲೆಮಾರು ಸರಿಯಾಗಿ ಕೂತಿದೆ. ತೊಡಕಾಗಿದ್ದು ನನ್ನ ಸ್ವಂತ ಅಜ್ಜ ಹುಟ್ಟಿದ ಇಸವಿಯ ಹತ್ರ.

ಅಜ್ಜ ತೀರಿಕೊಂಡಿದ್ದು 1998ರಲ್ಲಿ. ಶ್ರಾದ್ಧದ ತಿಥಿ ಮನೆಯ ಸಣ್ಣ ಮಕ್ಕಳಿಗೂ ಬಾಯಿಪಾಠ. ಹುಟ್ಟಿದ್ದು ಯಾವಾಗ ಅಂದ್ರೆ ಒಬ್ಬೊಬ್ಬರದು ಒಂದೊಂದು ಮಾತು. ತಾಲೂಕಿನ ದಾಖಲೆ ಕೋಣೆಯಿಂದ ತೆಗೆಸಿದ ಜನನ ಪುಸ್ತಕದ ನಕಲಿನಲ್ಲಿ 3 ನವೆಂಬರ್ 1920, ಗಂಡು, ತಂದೆಯ ಹೆಸರು ನಮ್ಮ ಮುತ್ತಜ್ಜನದೇ. ಮಗುವಿನ ಹೆಸರಿನ ಜಾಗ ಖಾಲಿ. ಶಾಲೆಯ ದಾಖಲೆಯಲ್ಲಿ 1-6-1922. ಇನ್ನು ಜಾತಕ ಇದೆ, ಅದನ್ನ ಗೆದ್ದಲು ತಿಂದಿದೆ. "ಶಾಲಿವಾಹನ ಶಕ 184" ಅಲ್ಲಿವರೆಗೆ ಓದಬಹುದು, ನಾಲ್ಕನೇ ಅಂಕಿ ಇದ್ದಲ್ಲಿ ತೂತು. ಸಂವತ್ಸರದ ಹೆಸರಿನಲ್ಲಿ ಮೊದಲ "ರ"ದ ತಲೆಕಟ್ಟು ಬಿಟ್ರೆ ಏನೂ ಉಳಿದಿಲ್ಲ. "ಭಾದ್ರಪದ ಶುದ್ಧ ಚತುರ್ಥ್ಯಾಂ" ಮಾತ್ರ ನಿನ್ನೆ ಬರೆದ ಹಾಗಿದೆ. ವಾರದ ಹತ್ರ ಮತ್ತೆ ಹರಿದಿದೆ. ಅಪ್ಪಯ್ಯ ಸುಮಾರು 40 ವರ್ಷದ ಹಿಂದೆ ಅದನ್ನ ಗುರುವಾರ ಅಂತ ಓದಿ ತನ್ನ ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದಾರೆ.

ಅಪ್ಪಯ್ಯನ ಲೆಕ್ಕ ಏನಂದ್ರೆ, ಅಜ್ಜ ಹುಟ್ಟಿದ್ದು 1920ರ ಚೌತಿಗೆ, ಪಟೇಲರು ಪುಸ್ತಕಕ್ಕೆ ಹತ್ತಿಸಿದ್ದು ತಡವಾಗಿ ನವೆಂಬರಿನಲ್ಲಿ. ಮನೇಲಿ ಎಲ್ಲರೂ "ಚೌತಿ ದಿನ ಹುಟ್ಟಿದ್ನಡ, ಅದಕ್ಕೇ ಗಣಪತಿ ಹೇಳಿ ಹೆಸರಿಟ್ಟಿದ್ದಡ" ಅಂತಾರೆ. ನನಗೆ ಮನಸ್ಸು ಒಪ್ತಿಲ್ಲ. ಅಚ್ಚಿಗೆ ಕೊಡೋಕೆ ಇನ್ನು ಮೂರೇ ವಾರ. ನೀವೇನು ಹೇಳ್ತೀರಿ?

ಕೋರ್ಟುಕಟ್ಟೆ:
ಸರ್ಕಾರಿ ಪುಸ್ತಕ ಮೊದಲು, ಉಳಿದದ್ದೆಲ್ಲ ಆಮೇಲೆ. ಹಳೇ ಸಾಕ್ಷ್ಯ ಕಾಯಿದೆಯ 35ನೇ ಕಲಮು ಹೇಳೋದು ಅದನ್ನೇ, ಅಧಿಕಾರಿ ತನ್ನ ಕರ್ತವ್ಯದಲ್ಲಿ ಬರೆದ ದಾಖಲೆಗೆ ಬೆಲೆ ಇದೆ. 1920 ಅಂತ ಹಾಕಿ ಮುಗಿಸಿ.

ಹಳೇಮಾಸ್ತರ:
ವಕೀಲರೇ, ದಾಖಲೆಗೆ ಬೆಲೆ ಇದೆ ಸರಿ. ಆದ್ರೆ ಆ ದಾಖಲೆ ಯಾರದು? ಹೆಸರೇ ಇಲ್ವಲ್ಲ.

ಊರುಬಿಟ್ಟವಳು:
ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಹಳೇ ಕಡತ ಎಲ್ಲ ಇವೆ, ಅಲ್ಲಿ ಹುಡುಕಿಸಿ ನೋಡಿ.

ಕಾಳಿದಂಡೆ:
ಅಕ್ಕಾ, 1920ರಲ್ಲಿ ನಮ್ಮ ಜಿಲ್ಲೆ ಮೈಸೂರಿನಲ್ಲಿ ಎಲ್ಲಿತ್ತು? 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ರು. ಮೈಸೂರು ರಾಜ್ಯಕ್ಕೆ ಬಂದದ್ದು 1956 ನವೆಂಬರ್ 1ಕ್ಕೆ. ಅದಕ್ಕೂ ಹಿಂದಿನ ಮೈಸೂರು ಕಡತದಲ್ಲಿ ಶಿರಸಿಯ ಮಗು ಸಿಗೋದಿಲ್ಲ. ಊರ ಜನನ-ಮರಣ ಪುಸ್ತಕ ತಾಲೂಕಿನಲ್ಲೇ ಇರ್ತದೆ, ಅವರು ಅದನ್ನ ಆಗಲೇ ತೆಗೆಸಿದ್ದಾರೆ.

ಊರುಬಿಟ್ಟವಳು:
ಸರಿ, ತಪ್ಪಾಯ್ತು. ಮದುವೆಯಾಗಿ ಇಲ್ಲಿಗೆ ಬಂದು 30 ವರ್ಷ, ಇಲ್ಲಿಯವರ ಹಾಗೇ ಯೋಚನೆ ಬಂತು.

ಪಂಚಾಂಗಪ್ರಿಯ:
ಜಾತಕದಲ್ಲಿ ಇಷ್ಟು ಉಳಿದಿದೆ ಅಂದ್ರೆ ಉತ್ತರ ಅದರಲ್ಲೇ ಇದೆ. ಶಕಕ್ಕೆ 78 ಕೂಡಿಸಿ. 184ರ ಮುಂದೆ ಯಾವ ಅಂಕಿ ಇದ್ರೂ 1918ರಿಂದ 1927ರ ಒಳಗೇ ಬರಬೇಕು. ಆ ಹತ್ತು ವರ್ಷದಲ್ಲಿ "ರ"ಕಾರದಿಂದ ಶುರುವಾಗುವ ಸಂವತ್ಸರ ಮೂರೇ: 1920 ರೌದ್ರಿ, 1923 ರುಧಿರೋದ್ಗಾರಿ, 1924 ರಕ್ತಾಕ್ಷಿ. ರಾಕ್ಷಸ ಸಂವತ್ಸರ 1915ಕ್ಕೆ ಹೋಯ್ತು, ಅದು ಬಿಡಿ.

ಈಗ ವಾರ ನೋಡಿ. 1920ರ ಭಾದ್ರಪದ ಚೌತಿ ಸೆಪ್ಟೆಂಬರ್ 16, ಗುರುವಾರ. 1923ರದ್ದು ಸೆಪ್ಟೆಂಬರ್ 14, ಶುಕ್ರವಾರ. 1924ರದ್ದು ಮಂಗಳವಾರ-ಬುಧವಾರದ ಮಧ್ಯ ಬೀಳ್ತದೆ. ನಿಮ್ಮ ತಂದೆಯವರು ಗುರುವಾರ ಅಂತ ಸರಿಯಾಗಿ ಓದಿದ್ರೆ 1920 ಖಾಯಂ.

ತೋಟದಮನೆ:
ಅಯ್ಯೋ, ಹಾಗಾದ್ರೆ ಅಪ್ಪಯ್ಯ ಹೇಳಿದ್ದೇ ಸರಿಯಾ?

ಪಂಚಾಂಗಪ್ರಿಯ:
ಅವಸರ ಮಾಡಬೇಡಿ. ಜಾತಕದ ಮೂಲದಲ್ಲಿ ಯಾವ ಅಕ್ಷರ ಕಾಣ್ತದೆ ಹೇಳಿ. ಅವರು ಓದಿದ್ದಲ್ಲ, ಕಾಗದದ ಮೇಲೆ ಇರೋದು.

ತೋಟದಮನೆ:
ಹರಿದ ಅಂಚು, ಆಮೇಲೆ "ಗು", ಆಮೇಲೆ "ವಾಸರೇ".

ಅಂಕೋಲೆಕಾರ:
ನಾನೊಂದು ಹೇಳ್ತೆ. ನಮ್ಮ ದೊಡ್ಡಜ್ಜ ಉಪ್ಪಿನ ಸತ್ಯಾಗ್ರಹಕ್ಕೆ ಹೋದವರು. 1930 ಏಪ್ರಿಲ್ 13ಕ್ಕೆ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿದ್ರಲ್ಲ, ಆ ಗುಂಪಿನಲ್ಲಿ ಇದ್ರು. ಅವರು ಹುಟ್ಟಿದ ವರ್ಷ ಯಾರಿಗೂ ಗೊತ್ತಿರಲಿಲ್ಲ. 1972ರಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಬಂದಾಗ ಜೈಲಿನ ಸರ್ಟಿಫಿಕೇಟ್ ತರಿಸಿದ್ರು. ಹಿಂಡಲಗಾ ಜೈಲಿನದು, ಅದರಲ್ಲಿ "ವಯಸ್ಸು 19" ಅಂತಿತ್ತು. ಅವತ್ತಿಂದ ಅವರು ಹುಟ್ಟಿದ್ದು 1911 ಅಂತ ಆಗ್ಹೋಯ್ತು. ನಿಮ್ಮ ಅಜ್ಜ ಚಳವಳಿಯಲ್ಲಿ ಇದ್ರಾ?

ಹಳೇಮಾಸ್ತರ:
ಜೈಲಿನ ವಯಸ್ಸನ್ನ ಅಷ್ಟು ನಂಬಬೇಡಿ. ಬಾಗಿಲಲ್ಲಿ ಕೂತ ಗುಮಾಸ್ತ ಕೇಳ್ತಾನೆ, ಇವ ಬಾಯಿಗೆ ಬಂದದ್ದು ಹೇಳ್ತಾನೆ. ಸಣ್ಣವ ಅಂದ್ರೆ ಬಿಟ್ಟು ಕಳಿಸ್ತಾರೆ ಅಂತ ಹೆಚ್ಚು ಹೇಳಿದ ಹುಡುಗರೂ ಇದ್ದಾರೆ.

ಅಂಕೋಲೆಕಾರ:
ನಮ್ಮ ದೊಡ್ಡಜ್ಜ ಸುಳ್ಳು ಹೇಳೋ ಜನ ಅಲ್ಲ ಮಾಸ್ತರೇ.

ಹಳೇಮಾಸ್ತರ:
ಸುಳ್ಳು ಅಂದಿಲ್ಲ ಮಾರಾಯಾ. ಅವರಿಗೂ ಗೊತ್ತಿರಲಿಲ್ಲ ಅಂದೆ. ಆಗ ಹುಟ್ಟುಹಬ್ಬ ಯಾರು ಮಾಡ್ತಿದ್ರು?

ಶಾಲೆಯ ದಾಖಲೆ ಬಗ್ಗೆ ನಾನು ಕಂಡದ್ದು ಹೇಳ್ತೇನೆ. 34 ವರ್ಷ ಪ್ರೈಮರಿ ಮಾಸ್ತರಿಕೆ ಮಾಡಿದವ, ಮಕ್ಕಳನ್ನ ಸೇರಿಸಿಕೊಂಡ ಹಳೇ ದಾಖಲೆ ಪುಸ್ತಕಗಳನ್ನೂ ನೋಡಿದ್ದೇನೆ. ಜೂನ್ 1 ಅಂತ ಇದ್ರೆ ಅದು ಹುಟ್ಟಿದ ದಿನ ಅಲ್ಲ, ಶಾಲೆ ಶುರುವಾದ ದಿನ. ಪುಟ ತಿರುವಿದ್ರೆ ಅರ್ಧ ಊರು ಜೂನ್ 1ಕ್ಕೆ ಹುಟ್ಟಿರ್ತದೆ. ಮಗುವನ್ನ ಕರ್ಕೊಂಡು ಬಂದಾಗ ಕೈಯನ್ನ ತಲೆ ಮೇಲಿಂದ ತಂದು ಆಚೆ ಕಿವಿ ಮುಟ್ಟು ಅಂತಿದ್ವಿ. ಮುಟ್ಟಿತು ಅಂದ್ರೆ ಆರು ವರ್ಷ ಆಯ್ತು ಅಂತ ಲೆಕ್ಕ. ಕೈ ಉದ್ದ ಇರೋ ಐದರ ಪೋರನೂ ಮುಟ್ತಾನೆ. ನಿಮ್ಮ ಅಜ್ಜ 1928ರ ಜೂನಿನಲ್ಲಿ ಶಾಲೆಗೆ ಸೇರಿರಬೇಕು, ಆರು ವರ್ಷ ಹಿಂದೆ ಹೋಗಿ 1-6-1922 ಅಂತ ಬರೆದಿದ್ದಾರೆ. ಅದರಿಂದ ತಿಳಿಯೋದು ಒಂದೇ, 1928ರಲ್ಲಿ ಆ ಹುಡುಗನ ಕೈ ಕಿವಿಗೆ ಎಟಕ್ತಿತ್ತು. 1920ರಲ್ಲಿ ಹುಟ್ಟಿದವನಾದ್ರೆ ಆಗ ಎಂಟರ ಹತ್ರ. ಓದಿನ ಮನೆಯವರು ಎಂಟರವರೆಗೆ ಮಗನನ್ನ ಮನೇಲಿ ಕೂರಿಸಿಕೊಳ್ತಿದ್ರಾ?

ಕೋರ್ಟುಕಟ್ಟೆ:
ಕೂರಿಸಿಕೊಳ್ತಿದ್ರು. ಘಟ್ಟದ ಮೇಲೆ ಮಳೆಗಾಲದಲ್ಲಿ ಸಂಕ ದಾಟಿ ಎರಡು ಮೈಲಿ ನಡೀಬೇಕು ಅಂದ್ರೆ ಯಾವ ತಾಯಿ ಕಳಿಸ್ತಾಳೆ? ನಮ್ಮ ತಂದೆಯೂ ಎಂಟಕ್ಕೇ ಸೇರಿದ್ದು.

ಕಾಳಿದಂಡೆ:
ನಾವು ಕಾರವಾರದ ಕ್ರಿಶ್ಚನ್ನರು. ನಮ್ಮಲ್ಲಿ ಇಗರ್ಜಿಯ ಬಾಪ್ತಿಸ್ಮದ ಪುಸ್ತಕ ಇರ್ತದೆ, ತಂದೆ-ತಾಯಿ ಹೆಸರು, ಧರ್ಮದ ತಂದೆ-ತಾಯಿ ಹೆಸರು ಎಲ್ಲ ಬರೆದಿರ್ತಾರೆ. ಆದ್ರೂ ನಮ್ಮ ಮನೇಲಿ ಎಡವಟ್ಟಾಗಿತ್ತು. ಸಾಲಿನ ಮೊದಲಿಗೆ ಬರೆದ ತಾರೀಖನ್ನೇ ಹುಟ್ಟಿದ ದಿನ ಅಂತ 50 ವರ್ಷ ನಂಬಿದ್ವಿ. ಅದು ಬಾಪ್ತಿಸ್ಮ ಕೊಟ್ಟ ದಿನ. ಹುಟ್ಟಿದ ದಿನ ಒಳಗೆ ವಾಕ್ಯದ ಮಧ್ಯ ಇತ್ತು. ಹಳೇ ಪುಸ್ತಕ ಓದೋಕೆ ಪಾದ್ರಿಗಳನ್ನೇ ಕೇಳಬೇಕು, ನಮ್ಮ ಕಡೆಯ ಇಗರ್ಜಿಗಳು ಆಗ ಗೋವೆಯ ಕೆಳಗೆ ಇದ್ದದ್ದರಿಂದ ಬರವಣಿಗೆ ಕನ್ನಡದ್ದಲ್ಲ. ಕಾರವಾರ ಧರ್ಮಪ್ರಾಂತ ಆದದ್ದೇ 1976ರಲ್ಲಿ. ಇದನ್ನ ಯಾಕೆ ಹೇಳಿದೆ ಅಂದ್ರೆ, ನಿಮ್ಮ ಜನನ ಪುಸ್ತಕದಲ್ಲೂ ಹುಟ್ಟಿದ ದಿನ, ವರದಿ ಬಂದ ದಿನ ಎರಡೂ ಇರಬಹುದು. ನವೆಂಬರ್ 3 ಯಾವುದು?

ತೋಟದಮನೆ:
ಈಗ ನೋಡಿದೆ. ಎರಡು ಕಾಲಂ ಇದೆ. ಹುಟ್ಟಿದ್ದು ನವೆಂಬರ್ 3. ವರದಿ ಕೊಟ್ಟಿದ್ದು ನವೆಂಬರ್ 9. ಇಷ್ಟು ದಿನ ನಾವು ಯಾರೂ ಎರಡನೇ ಕಾಲಂ ನೋಡೇ ಇರಲಿಲ್ಲ.

ಕಾಳಿದಂಡೆ:
ಹಾಗಾದ್ರೆ ತಡವಾಗಿ ಬರೆದ್ರು ಅನ್ನೋ ವಾದ ಬಿತ್ತು. ಆರೇ ದಿನದಲ್ಲಿ ಬರೆದಿದ್ದಾರೆ. ನವೆಂಬರಿನಲ್ಲಿ ಯಾವ ಚೌತಿ?

ಗದ್ದೆಬದು:
ನಾನು ಹಾಲಕ್ಕಿಯವ, ಕುಮಟೆ ಕಡೆ. ಎಲ್ಲ ಓದ್ತಾ ಬಂದೆ. ಜಾತಕ ಇದ್ದವರ ಮಾತು, ಇಗರ್ಜಿ ಪುಸ್ತಕ ಇದ್ದವರ ಮಾತು ಆಯ್ತು. ನಮ್ಮ ಅಜ್ಜಿ ಯಾವ ಕಾಗದದಲ್ಲೂ ಹುಟ್ಟಿಲ್ಲ. ಶಾಲೆಗೆ ಹೋದವಳಲ್ಲ, ಜಮೀನು ಹೆಸರಿಗಿಲ್ಲ. ಆಧಾರ್ ಮಾಡಿಸುವಾಗ ಹುಡುಗ ಮುಖ ನೋಡಿ 1-1-1940 ಅಂತ ಒತ್ತಿದ. ಅಜ್ಜಿ ಹೇಳ್ತಿದ್ದದ್ದು ಒಂದೇ ಮಾತು, "ಗಾಂಧಿ ಬಂದಾಗ ನಾ ಅವ್ವಿ ಸೊಂಟದ ಮೇಲಿದ್ದೆ." ಗಾಂಧೀಜಿ ಹರಿಜನ ಪ್ರವಾಸದಲ್ಲಿ ನಮ್ಮ ಜಿಲ್ಲೆಗೆ ಬಂದದ್ದು 1934ಕ್ಕೆ. ಸೊಂಟದ ಮೇಲೆ ಅಂದ್ರೆ ಒಂದೋ ಎರಡೋ ವರ್ಷ. ನನಗೆ ಅಷ್ಟು ಸಾಕು. ಆ ಮಾತಿಗೂ ಬೆಲೆ ಇದೆ ಅಂತ ವಕೀಲರು ಒಪ್ಪಬೇಕು.

ಕೋರ್ಟುಕಟ್ಟೆ:
ಒಪ್ತೇನೆ. ಮನೆಯ ಹಿರಿಯರು ವಿವಾದ ಹುಟ್ಟೋ ಮೊದಲೇ ಸಂಬಂಧದ ಬಗ್ಗೆ ಆಡಿದ ಮಾತನ್ನ ಕೋರ್ಟೂ ಕೇಳ್ತದೆ. ನಾನು ಪುಸ್ತಕವೇ ಮೊದಲು ಅಂದದ್ದು ಸ್ವಲ್ಪ ಗಡಿಬಿಡಿಯಾಯ್ತು.

ತೋಟದಮನೆಯವರೇ, ನಿಮ್ಮ ಮುತ್ತಜ್ಜ ತೀರಿಕೊಂಡಾಗ ಜಮೀನು ಮಕ್ಕಳ ಹೆಸರಿಗೆ ವಾರಸಾ ಆಗಿರ್ತದಲ್ಲ, ಆ ಮ್ಯುಟೇಶನ್ ತೆಗೆಸಿ. ಅಜ್ಜನ ಹೆಸರಿನ ಮುಂದೆ ಏನಿದೆ ನೋಡಿ.

ತೋಟದಮನೆ:
ಅದು ಮನೇಲೇ ಇದೆ. ಮುತ್ತಜ್ಜ ಹೋದದ್ದು 1940. ವಾರಸಾ ಆದದ್ದು 1941ರ ಮಾರ್ಚ್. ಅಜ್ಜನ ಹೆಸರಿನ ಮುಂದೆ "ಅಜ್ಞಾನ, ಪಾಲಕಿ ತಾಯಿ" ಅಂತಿದೆ. ಅಜ್ಞಾನ ಅಂದ್ರೆ ಮೈನರ್ ಅಲ್ವಾ?

ಅಂಕೋಲೆಕಾರ:
ಮುಗೀತು! 1920ರಲ್ಲಿ ಹುಟ್ಟಿದ್ರೆ ಆಗ 20 ದಾಟಿರ್ತಿತ್ತು. 1923 ಆದ್ರೆ 17. ಇನ್ನೇನು ಬೇಕು?

ಕೋರ್ಟುಕಟ್ಟೆ:
ತಡೀರಿ. 1875ರ ಪ್ರಾಪ್ತವಯಸ್ಸಿನ ಕಾಯಿದೆಯಲ್ಲಿ 18ಕ್ಕೆ ಮೇಜರ್. ಆದ್ರೆ ಕೋರ್ಟು ಪಾಲಕರನ್ನ ನೇಮಿಸಿದ್ರೆ 21. 1999ರ ತಿದ್ದುಪಡಿವರೆಗೂ ಹಾಗೇ ಇತ್ತು. ಹಾಗಾಗಿ 20 ವರ್ಷದವನೂ ಮೈನರ್ ಅಂತ ಬರೆಸಿಕೊಂಡಿರಬಹುದು. ಆ ಮ್ಯುಟೇಶನ್ನಿನಲ್ಲಿ ಕೋರ್ಟಿನ ಹುಕುಂ ನಂಬರ್ ಏನಾದ್ರೂ ಇದೆಯಾ?

ತೋಟದಮನೆ:
ಎರಡು ಸಲ ಓದಿದೆ. ಕೋರ್ಟಿನ ಮಾತೇ ಇಲ್ಲ. ಬರೀ "ಪಾಲಕಿ ತಾಯಿ".

ಕೋರ್ಟುಕಟ್ಟೆ:
ಹಾಗಾದ್ರೆ ತಾಯಿ ಸಹಜ ಪಾಲಕಿ. 18ರ ಲೆಕ್ಕವೇ ಹಿಡೀಬೇಕು. ನಿಮ್ಮ ಅಜ್ಜ 1923ರ ಮಾರ್ಚಿಗಿಂತ ಮುಂಚೆ ಹುಟ್ಟಿರೋದು ಕಷ್ಟ. ಶುರುವಿನಲ್ಲಿ 1920 ಅಂದದ್ದನ್ನ ವಾಪಸ್ ತಗೊಂಡೆ.

ಊರುಬಿಟ್ಟವಳು:
ಮತ್ತೆ ಜಾತಕದ ಗುರುವಾರ ಏನು ಮಾಡೋದು? ಗುರುವಾರ ಅಂದ್ರೆ 1920 ಅಂತ ಅವರೇ ಹೇಳಿದ್ರಲ್ಲ.

ಪಂಚಾಂಗಪ್ರಿಯ:
ಅದಕ್ಕೇ ಕಾಯ್ತಾ ಇದ್ದೆ. "ಗು" ಮತ್ತೆ "ವಾಸರೇ" ಅಂದ್ರಿ. "ಗುರುವಾಸರೇ" ಆಗಬೇಕಾದ್ರೆ ಮಧ್ಯ "ರು" ಬೇಕು. ಅದಕ್ಕೆ ಜಾಗ ಇದೆಯಾ? ಭೂತಗನ್ನಡಿ ಹಿಡಿದು ನೋಡಿ. ಹಾಗೇ "ಗು"ವಿನ ಎಡಕ್ಕೆ, ಹರಿದ ಅಂಚಿನ ಹತ್ರ, ಸಾಲಿನ ಕೆಳಗೆ ಏನಾದ್ರೂ ಇಳಿದಿದೆಯಾ ನೋಡಿ.

ತೋಟದಮನೆ:
ಮಧ್ಯಾಹ್ನ ಜಗಲಿಗೆ ತಂದು ಬಿಸಿಲಿನಲ್ಲಿ ನೋಡಿದೆ. "ಗು"ವಿಗೆ ತಾಗಿಯೇ "ವಾ" ಇದೆ. ಮಧ್ಯ ಒಂದು ಚುಕ್ಕೆ ಇಡೋಕೂ ಜಾಗ ಇಲ್ಲ, ಕಾಗದ ಅಲ್ಲಿ ಹರಿದೂ ಇಲ್ಲ. "ಗು"ವಿನ ಎಡಗಡೆ, ಅರಿಶಿಣದ ಕಲೆಯ ಕೆಳಗೆ, ಹಾವಿನ ಬಾಲದ ಹಾಗೆ ಒಂದು ಸುರುಳಿ ಇಳಿದಿದೆ. ಇಷ್ಟು ದಿನ ಅದನ್ನ ಶಾಯಿ ಹರಡಿದ್ದು ಅಂದ್ಕೊಂಡಿದ್ದೆ.

ಪಂಚಾಂಗಪ್ರಿಯ:
ಅದು ಶಾಯಿ ಅಲ್ಲ, ವಟ್ರಸುಳಿ. "ಭೃ". ಭೃಗುವಾಸರೇ. ಸಂಕಲ್ಪದಲ್ಲಿ ಶುಕ್ರವಾರಕ್ಕೆ ಭೃಗುವಾಸರ ಅಂತಲೇ ಹೇಳೋದು, ಶುಕ್ರ ಭೃಗುವಿನ ಮಗ. ನಿಮ್ಮ ತಂದೆಯವರದ್ದು ತಪ್ಪಲ್ಲ, ಅರ್ಧ ಹರಿದ ಕಡೆ ಕಣ್ಣು ತನಗೆ ಗೊತ್ತಿರೋ ಅಕ್ಷರವನ್ನೇ ತುಂಬಿಕೊಳ್ತದೆ. ಭಾದ್ರಪದ ಚೌತಿ, ಶುಕ್ರವಾರ, "ರ"ಕಾರದ ಸಂವತ್ಸರ: ಶಕ 1845 ರುಧಿರೋದ್ಗಾರಿ, 14 ಸೆಪ್ಟೆಂಬರ್ 1923.

ಇನ್ನೊಂದು ನೋಡಿ. "ರ" ಆದ ಮೇಲೆ "ನಾಮ ಸಂವತ್ಸರೇ" ಶುರುವಾಗೋವರೆಗೆ ಎಷ್ಟು ಅಕ್ಷರದ ಜಾಗ ಇದೆ?

ತೋಟದಮನೆ:
ಅದೇ ಸಾಲಿನ ಅಕ್ಷರಗಳ ಜೊತೆ ಅಳೆದೆ. ನಾಲ್ಕು ಅಕ್ಷರ ಧಾರಾಳವಾಗಿ ಹಿಡೀತದೆ. ರೌದ್ರಿ ಆಗಿದ್ರೆ ಒಂದೇ ಅಕ್ಷರ ಸಾಕಿತ್ತು.

ಹಳೇಮಾಸ್ತರ:
ಹಾಗಾದ್ರೆ ಶಾಲೆಗೆ ಸೇರುವಾಗ ನಾಲ್ಕು ಮುಕ್ಕಾಲು ವರ್ಷ. ಕೈ ಉದ್ದ ಇದ್ದಿರಬೇಕು ನಿಮ್ಮ ಅಜ್ಜನದು.

ತೋಟದಮನೆ:
ಇತ್ತು ಮಾಸ್ತರೇ. ದೋಟಿ ಇಲ್ಲದೆ ಬಾಳೆಗೊನೆ ಇಳಿಸ್ತಿದ್ರು.

ಊರುಬಿಟ್ಟವಳು:
ಆದ್ರೆ ನನಗೆ ಒಂದು ಗಂಟು ಬಿಡಿಸೋಕೆ ಆಗ್ತಿಲ್ಲ. 1920 ನವೆಂಬರ್ 3ಕ್ಕೆ ಹುಟ್ಟಿದ ಗಂಡುಮಗು ಯಾರು? ತಂದೆಯ ಹೆಸರು ನಿಮ್ಮ ಮುತ್ತಜ್ಜನದೇ ಅಂದ್ರಿ.

ಅಂಕೋಲೆಕಾರ:
ಊರಲ್ಲಿ ಅದೇ ಹೆಸರಿನ ಬೇರೆ ಯಾರಾದ್ರೂ ಇರಬಹುದು. ಅಜ್ಜನ ಹೆಸರು ಮೊಮ್ಮಗನಿಗೆ ಇಡೋ ಪದ್ಧತಿ, ಗಣಪತಿಯ ಮಗ ಸುಬ್ರಾಯ, ಸುಬ್ರಾಯನ ಮಗ ಮತ್ತೆ ಗಣಪತಿ. ನಮ್ಮ ಪಹಣಿಯಲ್ಲಿ ನೂರು ವರ್ಷದಿಂದ ಎರಡೇ ಹೆಸರು ತಿರುಗ್ತಾ ಇವೆ, ಯಾರ ಆಸ್ತಿ ಯಾರಿಗೆ ಹೋಯ್ತು ಅಂತ ತಿಳಿಯೋದೇ ಇಲ್ಲ.

ಗದ್ದೆಬದು:
ಒಂದು ಮಾತು ಕೇಳ್ತೆ, ಬೇಜಾರು ಮಾಡ್ಕೋಬೇಡಿ. ನಿಮ್ಮ ಅಜ್ಜನಿಗಿಂತ ಮುಂಚೆ ಒಂದು ಮಗು ಹೋಗಿರಬಹುದಾ? ನಮ್ಮ ಅಜ್ಜಿ ಹೆತ್ತದ್ದು ಒಂಬತ್ತು, ಉಳಿದದ್ದು ನಾಲ್ಕು. ಹೋದವರ ಸುದ್ದಿ ಯಾರೂ ಎತ್ತೋದಿಲ್ಲ.

ತೋಟದಮನೆ:
ನನಗೆ ಅದು ಹೊಳೆದೇ ಇರಲಿಲ್ಲ. ಅಜ್ಜನ ಕೊನೇ ತಂಗಿ ಒಬ್ಬರು ಇದ್ದಾರೆ, 91 ವರ್ಷ, ಕುಮಟೆಯಲ್ಲಿ ಮಗನ ಮನೇಲಿ. ಈ ವಾರ ಹೋಗಿ ಕೇಳಿ ಬರ್ತೇನೆ.

ಊರುಬಿಟ್ಟವಳು:
ಬೇಗ ಹೋಗಿ. ನಾನು ನಮ್ಮ ಅಮ್ಮಮ್ಮನ ಹತ್ರ ಮುಂದಿನ ರಜೆಗೆ ಕೇಳಿದ್ರಾಯ್ತು ಅಂತ ಬಿಟ್ಟು ಕೊನೆಗೂ ಕೇಳಲಿಲ್ಲ. ಮತ್ತೆ ಆ ಜಾತಕವನ್ನ ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ, ಬಿಸಿಗೆ ಹಳೇ ಕಾಗದ ಹಾಳಾಗ್ತದೆ, ಆಮೇಲೆ ಬಿಡಿಸೋಕೂ ಆಗೋದಿಲ್ಲ. ಒಳ್ಳೇ ಫೋಟೊ ತೆಗೆದು, ಹತ್ತಿ ಬಟ್ಟೆಯಲ್ಲಿ ಸುತ್ತಿ ಒಣಗಿದ ಜಾಗದಲ್ಲಿ ಇಡಿ.

ಅಂಕೋಲೆಕಾರ:
ಚೌತಿಗೆ ಇನ್ನೂ ಚಕ್ಕುಲಿ ಕಂಬಳ ಮಾಡ್ತೀರಾ ನಿಮ್ಮೂರಲ್ಲಿ? ನಮ್ಮ ಹೆಂಡತಿ ಘಟ್ಟದ ಮೇಲಿನವಳು, ಕೈಯಲ್ಲಿ ಸುತ್ತಿದ ಚಕ್ಕುಲಿ ನೆನೆಸ್ಕೊಂಡು ಪ್ರತಿವರ್ಷ ಕಣ್ಣೀರು.

ತೋಟದಮನೆ:
ಮಾಡ್ತೇವೆ. ಊರಿನ ಗಂಡಸರೆಲ್ಲ ಸೇರಿ ಕೂತು ಸುತ್ತೋದು, ಹೆಂಗಸರು ಕರಿಯೋದು. ಕರ್ಕೊಂಡು ಬನ್ನಿ ಅವರನ್ನ.

ಹಳೇಮಾಸ್ತರ:
ವಿಷಯಕ್ಕೆ ಬನ್ನಿ. ಕುಮಟೆಗೆ ಹೋಗಿದ್ರಾ?

ತೋಟದಮನೆ:
ಹೋಗಿ ಬಂದೆ. ಮೊದಲು ಅಜ್ಜಿಗೆ ಗುರುತೇ ಸಿಗಲಿಲ್ಲ. ಅಪ್ಪಯ್ಯನ ಹೆಸರು ಹೇಳಿದ ಮೇಲೆ ಕೈ ಹಿಡ್ಕೊಂಡು ಬಿಡಲೇ ಇಲ್ಲ. ನವೆಂಬರ್, 1920 ಅಂತ ನಾನು ಏನೂ ಹೇಳಲಿಲ್ಲ. ಅಜ್ಜನಿಗೆ ಅಣ್ಣ ಇದ್ನಾ ಅಂತ ಅಷ್ಟೇ ಕೇಳಿದೆ. ಸುಮಾರು ಹೊತ್ತು ಸುಮ್ಮನೆ ಕೂತು ಹೇಳಿದ್ರು:

"ಇದ್ದಿದ್ನಡ ತಮಾ. ದೊಡ್ಡಬ್ಬಕ್ಕೆ ಒಂದು ವಾರ ಇದ್ದು ಹೇಳಕ್ಕಾದ್ರೆ ಹುಟ್ಟಿದ್ದಡ. ಹಲ್ಲು ಬಪ್ಪದ್ರೊಳಗೇ ಹೋತಡ, ಬಾಲಗ್ರಹ. ಆಯಿ ದೊಡ್ಡಬ್ಬದ ದಿನ ಎಂಗಕ್ಕಿಗೆ ಎಣ್ಣೆ ಹಚ್ಚಕ್ಕಾದ್ರೆ ಅಳ್ತಿತ್ತು. ಎಂತಕ್ಕೆ ಹೇಳಿ ಎಂಗಕ್ಕಿಗೆ ಆವಾಗ ಗೊತ್ತಿತ್ತಿಲ್ಲೆ."

ಪಂಚಾಂಗಪ್ರಿಯ:
ದೊಡ್ಡಬ್ಬ ಅಂದ್ರೆ ದೀಪಾವಳಿ. 1920ರ ದೀಪಾವಳಿ ಅಮಾವಾಸ್ಯೆ ನವೆಂಬರ್ 10. ನವೆಂಬರ್ 3ಕ್ಕೆ ಸರಿಯಾಗಿ ಒಂದು ವಾರ.

ಕೋರ್ಟುಕಟ್ಟೆ:
ಎಲ್ಲ ಮಾತಿಗೂ "ಅಡ" ಸೇರಿಸಿ ಹೇಳಿದ್ದಾರೆ, ಕೇಳಿದ ಮಾತು ಅಂತ ಅವರೇ ಒಪ್ಪಿಕೊಂಡ ಹಾಗೆ. ಆಯಿ ಅಳ್ತಿತ್ತು ಅನ್ನೋದಕ್ಕೆ ಮಾತ್ರ "ಅಡ" ಇಲ್ಲ. ಅದು ಅವರು ಕಣ್ಣಾರೆ ಕಂಡದ್ದು. ಪುಸ್ತಕದ ತಾರೀಖಿಗೆ ಇಷ್ಟು ಸರಿಯಾಗಿ ಕೂಡುವ ಸಾಕ್ಷಿಯನ್ನ ನಾನು ಬದಿಗಿಡೋದಿಲ್ಲ.

ಗದ್ದೆಬದು:
ಆ ಮಗುವಿನ ಹೆಸರು ಏನಂತೆ?

ತೋಟದಮನೆ:
ಅದನ್ನೂ ಕೇಳಿದೆ. ಅವನಿಗೂ ಗಣಪತಿ ಅಂತಲೇ ಇಟ್ಟಿದ್ರಂತೆ, ಮುತ್ತಜ್ಜನ ಅಪ್ಪನ ಹೆಸರು. ಅವನು ಹೋದ ಮೇಲೆ ಚೌತಿ ದಿನವೇ ಇನ್ನೊಬ್ಬ ಹುಟ್ಟಿದಾಗ ಆ ಹೆಸರು ವಾಪಸ್ ಬಂತು ಅಂತ ಆಯಿ ಹೇಳ್ತಿದ್ರಂತೆ.

ಅಪ್ಪಯ್ಯನಿಗೆ ಎಲ್ಲ ಓದಿ ಹೇಳಿದೆ. ತಮ್ಮ ನೋಟುಪುಸ್ತಕ ತರಿಸಿ, ಗುರುವಾರ ಅಂತ ಇದ್ದದ್ದನ್ನ ಹೊಡೆದು ಪಕ್ಕದಲ್ಲಿ ಭೃಗುವಾರ ಅಂತ ತಾವೇ ಬರೆದ್ರು. ಪುಸ್ತಕದಲ್ಲಿ ಮುತ್ತಜ್ಜನ ಕೆಳಗೆ ಈಗ ಎರಡು ಸಾಲು ಇದೆ. ಗಣಪತಿ, ಜನನ 3 ನವೆಂಬರ್ 1920, ಶೈಶವದಲ್ಲೇ ನಿಧನ. ಗಣಪತಿ, ಜನನ ರುಧಿರೋದ್ಗಾರಿ ಸಂವತ್ಸರದ ಭಾದ್ರಪದ ಶುದ್ಧ ಚೌತಿ, 14 ಸೆಪ್ಟೆಂಬರ್ 1923.

ಅಚ್ಚಿಗೆ ಕೊಡೋ ಮೊದಲು ಕರಡು ತಗೊಂಡು ಭಾನುವಾರ ಮತ್ತೆ ಕುಮಟೆಗೆ ಹೋಗ್ತೇನೆ. ಅಜ್ಜಿಗೆ ಕಣ್ಣು ಕಾಣೋದಿಲ್ಲ, ಆ ಪುಟ ನಾನೇ ಓದಿ ಹೇಳಬೇಕು.